ಕೊಟ್ಟವರ ಹೆಸರಿದೆ, ದುಡಿದವರ ಲೆಕ್ಕವೆಲ್ಲಿ?

ಹಾಸನದಿಂದ ಅರಸೀಕೆರೆ ಕಡೆಗೆ ಹೊರಟರೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಕೊರವಂಗಲ ಸಿಗುತ್ತದೆ. ಬೇಲೂರು, ಹಳೇಬೀಡು ನೋಡಲು ಬರುವ ಪ್ರವಾಸಿಗರು ಇತ್ತ ತಿರುಗುವುದು ಕಡಿಮೆ. ಇಲ್ಲಿನ ಬೂಚೇಶ್ವರ ದ್ವಿಕೂಟ ದೇವಾಲಯ. ಒಂದು ಗರ್ಭಗುಡಿಯಲ್ಲಿ ಶಿವ, ಅದಕ್ಕೆ ಎದುರಾಗಿ ಸೂರ್ಯ, ನಡುವೆ ಮಂಟಪ. ಕಟ್ಟಿದ್ದು 1173ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದ ವರ್ಷ. ಕಟ್ಟಿಸಿದವನು ಬೂಚಿ ಎಂಬ ಸಿರಿವಂತ ಅಧಿಕಾರಿ. ದೊರೆಯ ಪಟ್ಟಾಭಿಷೇಕದ ಸಂಭ್ರಮಕ್ಕೆ ಅವನು ಸಲ್ಲಿಸಿದ ಕಾಣಿಕೆ ಇದು. ಇದೇ ಊರಿನಲ್ಲಿ ಹಾಳಾಗಿ ನಿಂತಿರುವ ಗೋವಿಂದೇಶ್ವರ, ನಾಕೇಶ್ವರ ಗುಡಿಗಳೂ ಅದೇ ಮನೆತನದ ಹೆಸರುಗಳನ್ನು ಹೊತ್ತಿವೆ. ಒಂದು ಮನೆತನ, ಒಂದು ಊರು, ಮೂರು ಕಲ್ಲಿನ ಗುಡಿ.

ಕೊರವಂಗಲದ ಬಗ್ಗೆ ಬಂದ ಬರಹಗಳು ಹೆಚ್ಚಾಗಿ ಇಲ್ಲಿಗೆ ನಿಲ್ಲುತ್ತವೆ. ಮುಂದೆ ಬಳಪದ ಕಲ್ಲಿನ ನುಣುಪು, ಗೋಡೆಯ ವಿಗ್ರಹಗಳು, ತಿರುಗಣೆಯಲ್ಲಿ ಕಡೆದ ಕಂಬಗಳ ಮಾತು. ಒಬ್ಬ ಅಧಿಕಾರಿಯ ಮನೆಗೆ ಮೂರು ಗುಡಿ ಕಟ್ಟಿಸುವಷ್ಟು ಸಂಪತ್ತು ಎಲ್ಲಿಂದ ಬಂತು? ಅದನ್ನು ಬೆಳೆದವರು ಯಾರು? ಗುಡಿಯ ನಿತ್ಯದ ಅಕ್ಕಿ, ಎಣ್ಣೆ, ಹೂವಿನ ಖರ್ಚನ್ನು ಮುಂದಿನ ನೂರಾರು ವರ್ಷ ಯಾರ ಗದ್ದೆ ಹೊತ್ತಿತು? ಇವು ಕಲೆಯನ್ನು ಕಡೆಗಣಿಸುವ ಪ್ರಶ್ನೆಗಳಲ್ಲ. ಆ ಕಲೆ ಹುಟ್ಟಿದ ನೆಲವನ್ನು ತಿಳಿಯುವ ಪ್ರಶ್ನೆಗಳು. ಈ ಪ್ರಶ್ನೆಗಳನ್ನು ಭಾರತದ ಚರಿತ್ರೆಯ ಮಧ್ಯಕ್ಕೆ ತಂದು ನಿಲ್ಲಿಸಿದ ಒಂದು ತಲೆಮಾರು ನಮ್ಮಲ್ಲಿ ಆಗಿಹೋಯಿತು. ಆ ತಲೆಮಾರಿನ ಹಿರಿಯರಲ್ಲಿ ಒಬ್ಬರಾದ ರಾಮ್ ಶರಣ್ ಶರ್ಮ 2011ರ ಆಗಸ್ಟ್ 20ರಂದು ಪಟ್ನಾದಲ್ಲಿ ತೀರಿಕೊಂಡರು. ಅವರನ್ನು ಪಟ್ನಾದಷ್ಟೇ ಕೊರವಂಗಲದಲ್ಲೂ ನೆನೆಯಬೇಕು ಎಂಬುದು ನನ್ನ ಮಾತು. ಅವರು ಮತ್ತು ಅವರ ಶಿಷ್ಯರು ಹಾಕಿಕೊಟ್ಟ ಓದಿನ ಕ್ರಮಕ್ಕೆ ಬೇಕಾದ ಸಾಮಗ್ರಿ ಹಾಸನ ಜಿಲ್ಲೆಯಷ್ಟು ದಟ್ಟವಾಗಿ ಸಿಗುವ ಜಾಗಗಳು ದೇಶದಲ್ಲಿ ಹೆಚ್ಚಿಲ್ಲ.

ಬರೌನಿಯಿಂದ ಬಂದವರು

ಶರ್ಮ ಹುಟ್ಟಿದ್ದು 1919ರಲ್ಲಿ, ಬಿಹಾರದ ಬೇಗೂಸರಾಯ್ ಸೀಮೆಯ ಬರೌನಿಯಲ್ಲಿ. ಮನೆಯಲ್ಲಿ ಬಡತನ. ಓದಿನ ಖರ್ಚಿಗೆ ಮಕ್ಕಳಿಗೆ ಪಾಠ ಹೇಳಿ ದುಡ್ಡು ಹೊಂದಿಸಿಕೊಂಡರು. ಆ ಹೊತ್ತಿನ ಬಿಹಾರ ರೈತ ಹೋರಾಟದ ಕಾವಿನಲ್ಲಿತ್ತು. ಜಮೀನ್ದಾರರ ವಿರುದ್ಧ ಒಕ್ಕಲುಗಳನ್ನು ಕಟ್ಟುತ್ತಿದ್ದ ಸ್ವಾಮಿ ಸಹಜಾನಂದ ಸರಸ್ವತಿ, ಕಾರ್ಯಾನಂದ ಶರ್ಮ, ರಾಹುಲ ಸಾಂಕೃತ್ಯಾಯನ ಇವರ ಒಡನಾಟ ತರುಣನಿಗೆ ದೊರಕಿತು. ಭೂಮಿ ಎಂದರೆ ಏನು, ಗೇಣಿ ಎಂದರೆ ಏನು, ಜಮೀನ್ದಾರನ ಏಜೆಂಟ್ ಕಣಕ್ಕೆ ಬಂದು ನಿಂತರೆ ರೈತನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎನ್ನುವುದನ್ನು ಅವರು ಪುಸ್ತಕಕ್ಕಿಂತ ಮೊದಲು ಊರಿನಲ್ಲಿ ಕಂಡಿದ್ದರು. ಆರಾ, ಭಾಗಲ್ಪುರದ ಕಾಲೇಜುಗಳಲ್ಲಿ ಪಾಠ ಹೇಳಿ, ಪಟ್ನಾ ಸೇರಿ, ಲಂಡನ್ನಿಗೆ ಹೋಗಿ ಎ.ಎಲ್. ಬಾಷಮ್ ಅವರ ಬಳಿ ಸಂಶೋಧನೆ ಮಾಡಿದರು. 1958ರಲ್ಲಿ ಪ್ರಾಚೀನ ಭಾರತದ ಶೂದ್ರರ ಬಗ್ಗೆ ಅವರ ಪುಸ್ತಕ ಬಂತು. ಅರಸರು, ಋಷಿಗಳು, ಕವಿಗಳು ತುಂಬಿದ್ದ ಪ್ರಾಚೀನ ಭಾರತದಲ್ಲಿ ಉಳುವವರನ್ನೂ ಕೂಲಿಯವರನ್ನೂ ಹುಡುಕಿಕೊಂಡು ಹೋದ ಗ್ರಂಥ ಅದು. ಸಂಸ್ಕೃತದ ಧರ್ಮಶಾಸ್ತ್ರಗಳನ್ನೇ ಇಟ್ಟುಕೊಂಡು, ಆ ಶಾಸ್ತ್ರಗಳನ್ನು ಬರೆದವರ ಎದುರು ಬದಿಯಿಂದ ಓದಿದರು.

1965ರಲ್ಲಿ ಪ್ರಕಟವಾದ 'ಇಂಡಿಯನ್ ಫ್ಯೂಡಲಿಸಂ' ಅವರ ಹೆಸರನ್ನು ವಿದ್ವತ್ ಲೋಕದಲ್ಲಿ ಗಟ್ಟಿ ಮಾಡಿತು, ಜಗಳಕ್ಕೂ ಎಳೆಯಿತು. ಗುಪ್ತರ ಕಾಲದಿಂದಾಚೆಗೆ ಅರಸರು ಬ್ರಾಹ್ಮಣರಿಗೆ, ದೇವಾಲಯಗಳಿಗೆ, ಮಠಗಳಿಗೆ, ಮುಂದೆ ಅಧಿಕಾರಿಗಳಿಗೂ ಭೂಮಿಯನ್ನು ದತ್ತಿ ಕೊಡುವುದು ಹೆಚ್ಚಿತು. ಭೂಮಿಯ ಜೊತೆಗೆ ತೆರಿಗೆ ಎತ್ತುವ, ದಂಡ ಹಾಕುವ ಹಕ್ಕೂ ಹೋಯಿತು. ಅರಸನ ಸಿಬ್ಬಂದಿ ಆ ಊರಿಗೆ ಕಾಲಿಡಬಾರದು ಎಂಬ ಷರತ್ತೂ ಸೇರಿತು. ಹೀಗೆ ಅರಸನಿಗೂ ರೈತನಿಗೂ ನಡುವೆ ಒಂದು ಭೂಒಡೆಯರ ಪದರ ಬೆಳೆಯಿತು. ರೈತನ ಸ್ವಾತಂತ್ರ್ಯ ಕುಗ್ಗಿತು. ದೂರದ ವ್ಯಾಪಾರ, ನಾಣ್ಯ, ಪಟ್ಟಣ ಮೂರೂ ಸೊರಗಿದವು. ಊಳಿಗಮಾನ್ಯ ಎಂದು ಅವರು ಕರೆದದ್ದು ಈ ವ್ಯವಸ್ಥೆಯನ್ನು; ಅವರ ವಾದದ ತಿರುಳು ಇದು.

ಶರ್ಮರಿಗೆ ಮೊದಲೇ ದಾರಿ ಕಡಿದವರು ದಾಮೋದರ ಧರ್ಮಾನಂದ ಕೊಸಾಂಬಿ. ಗೋವೆಯವರಾದ ಅವರು ವೃತ್ತಿಯಿಂದ ಗಣಿತಜ್ಞ. ಸಾವಿರಾರು ಹಳೆಯ ಬೆಳ್ಳಿ ನಾಣ್ಯಗಳನ್ನು ತೂಗಿ, ಕೈಯಿಂದ ಕೈಗೆ ಹೋಗಿ ಸವೆದ ಪ್ರಮಾಣವನ್ನು ಲೆಕ್ಕಹಾಕಿ ಕಾಲ ನಿರ್ಣಯಕ್ಕೆ ಹೊರಟವರು. ಪುಣೆಯ ಸುತ್ತಲಿನ ಗುಡ್ಡಗಳಲ್ಲಿ ನಡೆದು ಗ್ರಾಮದೇವತೆಗಳ ಜಾಡು ಹಿಡಿದವರು. 1956ರ ಅವರ ಭಾರತ ಇತಿಹಾಸದ ಪುಸ್ತಕ, ಯಾವ ಅರಸ ಆಳಿದ ಎನ್ನುವುದಕ್ಕಿಂತ ಆ ಕಾಲದ ಜನ ನೇಗಿಲು ಹಿಡಿದಿದ್ದರೇ ಎನ್ನುವುದು ಮುಖ್ಯ ಎಂದು ಸಾರಿತು. ಮೇಲಿನಿಂದ ಇಳಿದ ಊಳಿಗಮಾನ್ಯ, ಕೆಳಗಿನಿಂದ ಬೆಳೆದ ಊಳಿಗಮಾನ್ಯ ಎಂಬ ಎರಡು ಹಂತಗಳನ್ನು ಮೊದಲು ಗುರುತಿಸಿದ್ದೂ ಅವರೇ. 1966ರಲ್ಲಿ ಕೊಸಾಂಬಿ ತೀರಿಕೊಂಡಾಗ ಆ ಕೆಲಸ ಪಟ್ನಾ, ಅಲಿಗಢ, ದೆಹಲಿ, ಕೋಲ್ಕತ್ತಾಗಳಿಗೆ ಹಂಚಿಹೋಗಿತ್ತು. ಅಲಿಗಢದಲ್ಲಿ ಇರ್ಫಾನ್ ಹಬೀಬರು 1963ರಲ್ಲೇ ಮೊಘಲ್ ಕೃಷಿ ವ್ಯವಸ್ಥೆಯ ಮಹಾಗ್ರಂಥ ಹೊರತಂದಿದ್ದರು. ಕೋಲ್ಕತ್ತಾದ ಅಮಿಯ ಕುಮಾರ್ ಬಾಗ್ಚಿ ವಸಾಹತು ಕಾಲದ ಕೈಗಾರಿಕೆ ಮತ್ತು ಬ್ಯಾಂಕುಗಳ ಚರಿತ್ರೆಗೆ ಕೈಹಾಕಿದರು. ಅವರು ಹೋದದ್ದು 2024ರ ನವೆಂಬರಿನಲ್ಲಿ. ಒಬ್ಬರ ತೀರ್ಮಾನವನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ದುಡಿಮೆಯ ಫಲ ಯಾರಿಗೆ ಸೇರಿತು ಎಂಬ ಪ್ರಶ್ನೆ ಮಾತ್ರ ಎಲ್ಲರದ್ದೂ ಆಗಿತ್ತು.

ಈ ತಲೆಮಾರು ವಿಶ್ವವಿದ್ಯಾಲಯದ ಗೋಡೆಯೊಳಗೆ ಉಳಿಯಲಿಲ್ಲ. 1972ರಲ್ಲಿ ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತು ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರು ಶರ್ಮ. ಅವರು ಶಾಲಾಮಕ್ಕಳಿಗಾಗಿ ಬರೆದ 'ಏನ್ಷಂಟ್ ಇಂಡಿಯಾ' ಪಠ್ಯವನ್ನು 1978ರಲ್ಲಿ ಅಂದಿನ ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ಮಹಾಭಾರತದ ಘಟನೆಗಳಿಗೆ ಪುರಾತತ್ತ್ವದ ಆಧಾರ ಸಾಲದು ಎಂದು ಬರೆದದ್ದಕ್ಕೆ ಎದ್ದ ಗದ್ದಲ ಅದು. ಶರ್ಮ ಸುಮ್ಮನಿರಲಿಲ್ಲ, ತಮ್ಮ ಪುಸ್ತಕದ ಪರವಾಗಿ ಅದೇ ವರ್ಷ ಇನ್ನೊಂದು ಪುಸ್ತಿಕೆ ಬರೆದರು.

ಶಾಸನದ ನಡುಭಾಗ

ಹೊಯ್ಸಳರ ಕಾಲದ ದಾನಶಾಸನ ಓದಿದವರಿಗೆ ಅದರ ಕಟ್ಟು ಗೊತ್ತು. ಮೊದಲು ದೇವರ ಸ್ತುತಿ. ಆಮೇಲೆ ಸಳನಿಂದ ಹಿಡಿದು ಆಳುವ ದೊರೆಯವರೆಗೆ ವಂಶಾವಳಿ, ಗೆದ್ದ ಯುದ್ಧಗಳು. ಬಳಿಕ ದಾನಿಯ ಕುಲ, ಗುಣ, ಹೆಂಡತಿ ಮಕ್ಕಳ ವರ್ಣನೆ. ಕೆಲವೆಡೆ ಚಂಪೂ ಕಾವ್ಯದ ಮಟ್ಟಕ್ಕೆ ಏರುವ ಪದ್ಯಗಳು. ಮುಂದೆ ಶಕವರ್ಷ, ಸಂವತ್ಸರ, ತಿಥಿ, ಗ್ರಹಣ ಅಥವಾ ಸಂಕ್ರಮಣದ ಪುಣ್ಯಕಾಲ. ಆ ಮೇಲೆ ಬರುತ್ತದೆ ಕಾಸು ಕಾಳಿನ ಭಾಗ. ಇಂಥ ಕೆರೆಯ ಕೆಳಗೆ ಇಷ್ಟು ಸಲಗೆ ಗದ್ದೆ, ಇಷ್ಟು ಬೆದ್ದಲು, ತೋಟ, ಗಾಣ. ಮೂಡಲಿಗೆ ಹುತ್ತ, ತೆಂಕಲಿಗೆ ನಟ್ಟ ಕಲ್ಲು ಎಂಬಂತೆ ನಾಲ್ಕೂ ದಿಕ್ಕಿನ ಎಲ್ಲೆ. ಬಿಟ್ಟುಕೊಟ್ಟ ಸಿದ್ಧಾಯ, ಸುಂಕ, ಗಾಣದೆರೆ, ಮಗ್ಗದೆರೆ. ಇದರಲ್ಲಿ ನಂದಾದೀವಿಗೆಗೆ ಇಷ್ಟು, ಪೂಜಾರಿಗೆ ಇಷ್ಟು, ಅನ್ನಸತ್ರಕ್ಕೆ ಇಷ್ಟು. ಕಟ್ಟಕಡೆಗೆ ದತ್ತಿಯನ್ನು ಕೆಡಿಸಿದವರಿಗೆ ಶಾಪ.

ವಂಶಾವಳಿ ರಾಜಕೀಯ ಚರಿತ್ರೆ ಬರೆಯುವವರ ಪಾಲಾಯಿತು. ವರ್ಣನೆ ಸಾಹಿತ್ಯದವರ ಪಾಲಾಯಿತು. ಕೊರವಂಗಲದ ಶಾಸನವೂ ವಿದ್ವಾಂಸರ ನಡುವೆ ಪ್ರಸಿದ್ಧವಾದದ್ದು ಇಮ್ಮಡಿ ಬಲ್ಲಾಳನ ಪಟ್ಟಾಭಿಷೇಕದ ಕಾಲವನ್ನು ನಿರ್ಧರಿಸಲು ನೆರವಾಯಿತು ಎಂಬ ಕಾರಣಕ್ಕೆ. ಒಣಗಿದಂತೆ ಕಾಣುವ ಆ ಗದ್ದೆ–ತೆರಿಗೆಯ ಭಾಗ ಬಹುಕಾಲ ಯಾರ ಪಾಲಿಗೂ ಸೇರದೆ ಬಿದ್ದಿತ್ತು. ಶರ್ಮ ಮತ್ತು ಸಂಗಡಿಗರು ಕೈಹಾಕಿದ್ದು ಅಲ್ಲಿಗೆ.

ಅಲ್ಲಿ ನೋಡಿದರೆ ದಾನ ಎಂದರೆ ಏನೆಂಬುದು ತಿಳಿಯಾಗುತ್ತದೆ. ಅರಸನೋ ಅಧಿಕಾರಿಯೋ ಗದ್ದೆ ಕೊಟ್ಟ ಎಂದಾಗ ಅಲ್ಲಿದ್ದ ಒಕ್ಕಲು ಎದ್ದು ಹೋಗಲಿಲ್ಲ. ಉಳುವವನು ಅವನೇ, ನೀರು ಹಾಯಿಸುವವಳು ಅವಳೇ, ಎತ್ತು ಅವೇ. ನಿನ್ನೆಯವರೆಗೆ ಅರಮನೆಯ ಭಂಡಾರಕ್ಕೆ ಹೋಗುತ್ತಿದ್ದ ಪಾಲು ಇಂದಿನಿಂದ ದೇವರ ಭಂಡಾರಕ್ಕೋ ಅಗ್ರಹಾರದ ಮಹಾಜನರಿಗೋ ಹೋಗಬೇಕು, ಅಷ್ಟೆ. ಕಣದಲ್ಲಿ ಬಂದು ನಿಲ್ಲುವವರು ಬದಲಾದರು. 'ಸರ್ವಬಾಧಾಪರಿಹಾರ' ಎಂದು ಶಾಸನ ಹೇಳುವುದು ದತ್ತಿ ಪಡೆದವನಿಗೆ ಬಂದ ವಿನಾಯಿತಿಯನ್ನು. ಉಳುವವನ ಬಾಧೆ ಪರಿಹಾರವಾಯಿತೆಂದು ಅದರಿಂದ ಅರ್ಥ ಮಾಡಬೇಕಿಲ್ಲ. ದೂರದ ಅರಸನ ಅಧಿಕಾರಿ ವರ್ಷಕ್ಕೊಮ್ಮೆ ಬರುತ್ತಿದ್ದ. ಅಗ್ರಹಾರದ ಒಡೆಯ ಊರಿನಲ್ಲೇ ಇದ್ದ. ಶರ್ಮ ಒತ್ತಿ ಹೇಳಿದ್ದು ಈ ವ್ಯತ್ಯಾಸವನ್ನು.

ಹಾಸನ ಜಿಲ್ಲೆಯಲ್ಲಿ ಇದು ಇನ್ನೂ ಹಿಂದಕ್ಕೆ ಹೋಗುತ್ತದೆ. ಕನ್ನಡದ ಅತ್ಯಂತ ಹಳೆಯ ಪೂರ್ಣ ಶಾಸನಗಳಲ್ಲಿ ಒಂದೆಂದು ನಾವು ಹೆಮ್ಮೆಪಡುವ, ಸುಮಾರು 450ರದ್ದೆನ್ನುವ ಹಲ್ಮಿಡಿ ಶಾಸನ ಬೇಲೂರು ತಾಲ್ಲೂಕಿನದು, 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು. ಅದರ ಭಾಷೆ, ಲಿಪಿ, ಕಾಲದ ಬಗ್ಗೆ ಬರೆದ ಪುಟಗಳಿಗೆ ಲೆಕ್ಕವಿಲ್ಲ. ಅದರ ವಿಷಯ ಮಾತ್ರ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ: ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟದ್ದು. ಕನ್ನಡ ಬರಹ ಕಣ್ಣುಬಿಟ್ಟದ್ದೇ ಒಂದು ಭೂದಾನದ ಪತ್ರದಲ್ಲಿ. ಅದೂ ಮುಖ್ಯವಾಗಿ ಬ್ರಾಹ್ಮಣನಿಗೋ ದೇವರಿಗೋ ಅಲ್ಲ, ಕತ್ತಿ ಹಿಡಿದವನಿಗೆ. ಅಧಿಕಾರಿಗಳಿಗೂ ಯೋಧರಿಗೂ ಭೂಮಿ ಕೊಡುವ ರೂಢಿ ಬೇರೂರಿದ್ದು ಮುಂದಿನ ಶತಮಾನಗಳಲ್ಲಿ ಎಂದು ಶರ್ಮ ಕಂಡುಕೊಂಡಿದ್ದರು. ಉತ್ತರದ ತಾಮ್ರಪಟಗಳಿಂದ ಕಟ್ಟಿದ ಆ ಕಾಲಕ್ರಮಕ್ಕೆ ಹಲ್ಮಿಡಿಯ ಒಂದು ಕಲ್ಲು ತಿದ್ದುಪಡಿ ಸೂಚಿಸುತ್ತದೆ.

ಪಟ್ನಾದವರು ಕನ್ನಡ ಶಾಸನಕ್ಕೆ ಬಂದದ್ದು

ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ ಇದು. ಶರ್ಮರ ಬಳಗದ ಕೆಲವರು ಗಂಗೆಯ ದಡದಿಂದ ನೇರವಾಗಿ ಕರ್ನಾಟಕದ ಶಾಸನಗಳಿಗೆ ಬಂದರು. ಆರ್.ಎನ್. ನಂದಿ 1973ರಲ್ಲಿ ದಖ್ಖನ್ನಿನ ಧಾರ್ಮಿಕ ಸಂಸ್ಥೆಗಳ ಬಗ್ಗೆ, ಕ್ರಿ.ಶ. 600ರಿಂದ 1000ದವರೆಗಿನ ಅವಧಿಯನ್ನು ಹಿಡಿದು ಪುಸ್ತಕ ಬರೆದರು. ಮುಂದೆ ವೀರಶೈವ ಚಳವಳಿಯ ಹುಟ್ಟನ್ನು ಆ ಕಾಲದ ದೇವಾಲಯ, ಭೂಮಿ, ವ್ಯಾಪಾರಗಳ ಸಂಬಂಧದಲ್ಲಿ ಹುಡುಕಿದರು. ದಕ್ಷಿಣ ಭಾರತದಲ್ಲಿ ರಾಜ್ಯ, ಕೃಷಿ ವಿಸ್ತರಣೆ, ಸಮಾಜ ಬದಲಾದ ಬಗೆಯನ್ನು ಕುರಿತ ಅವರ ದೊಡ್ಡ ಕೃತಿ 2000ದಲ್ಲಿ ಬಂತು. ಓಂ ಪ್ರಕಾಶ್ ಪ್ರಸಾದ್ 1989ರಲ್ಲಿ, 600ರಿಂದ 1200ರವರೆಗೆ ದಕ್ಷಿಣದ ಪಟ್ಟಣಗಳು ಹೇಗೆ ಸೊರಗಿ ಮತ್ತೆ ಚಿಗುರಿದವು ಎಂದು ಬರೆದರು. ಡಿ.ಎನ್. ಝಾ, ಕೊಸಾಂಬಿ ನೆನಪಿಗೆ ಶರ್ಮರು ಸಂಪಾದಿಸಿದ 1974ರ ಸಂಪುಟದಲ್ಲಿ, ದಕ್ಷಿಣದ ದೇವಾಲಯಗಳನ್ನು ದೊಡ್ಡ ಭೂಒಡೆಯರೆಂದು ನೋಡುವ ಲೇಖನ ಪ್ರಕಟಿಸಿದರು. ಝಾ 2021ರಲ್ಲಿ ತೀರಿಕೊಂಡರು.

ಬಿಹಾರದ ಜಮೀನ್ದಾರಿಯ ನೆರಳಿನಲ್ಲಿ ಬೆಳೆದ ಒಂದು ಬೌದ್ಧಿಕ ಬಳಗ, ಸುಮಾರು ಸಾವಿರ ಮೈಲಿ ದೂರದ ಕಲ್ಲುಗಳಲ್ಲಿ ತನ್ನ ಊರಿನ ಕಥೆಯನ್ನು ಗುರುತಿಸಿತು. ಅವರಿಗೆ ಅದು ಸಾಧ್ಯವಾದದ್ದು ಬಿ.ಎಲ್. ರೈಸ್ ಅವರಿಂದ. ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಸುಮಾರು 9 ಸಾವಿರ ಶಾಸನಗಳನ್ನು ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದದ ಸಮೇತ ಹೊರತಂದರು. ಹಾಸನ ಜಿಲ್ಲೆಯ ಐದನೆಯ ಸಂಪುಟ ಬಂದದ್ದು 1902ರಲ್ಲಿ. ಪಟ್ನಾದ ಗ್ರಂಥಾಲಯದಲ್ಲಿ ಕುಳಿತು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಊರುಗಳ ಗದ್ದೆ ತೋಟದ ಲೆಕ್ಕ ಓದಬಹುದಾಗಿತ್ತು. ನಂದಿಯಂಥವರ ಅಡಿಟಿಪ್ಪಣಿಗಳಲ್ಲಿ ನಮ್ಮ ಊರುಗಳು ಸಾಲುಸಾಲಾಗಿ ಬರುತ್ತವೆ.

ಕರ್ನಾಟಕದಲ್ಲಿ ಅದೇ ಹೊತ್ತಿಗೆ ಏನು ನಡೆಯುತ್ತಿತ್ತು? ಬಹಳ ಗಟ್ಟಿಯಾದ ಕೆಲಸವೇ ನಡೆಯುತ್ತಿತ್ತು. ಧಾರವಾಡದಲ್ಲಿ ಜಿ.ಎಸ್. ದೀಕ್ಷಿತರು ಮಧ್ಯಯುಗದ ಸ್ಥಳೀಯ ಆಡಳಿತದ ಬಗ್ಗೆ 1964ರಲ್ಲಿ ಬರೆದರು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಬಂತು. ಮೈಸೂರಿನಿಂದ ಎಸ್. ಗುರುರಾಜಾಚಾರ್ 1974ರಲ್ಲಿ, ಧಾರವಾಡದಿಂದ ಜಿ.ಆರ್. ಕುಪ್ಪುಸ್ವಾಮಿ 1975ರಲ್ಲಿ ಕರ್ನಾಟಕದ ಆರ್ಥಿಕ ಜೀವನದ ಗ್ರಂಥಗಳನ್ನು ಕೊಟ್ಟರು. ಅಳತೆ, ನಾಣ್ಯ, ತೆರಿಗೆ, ಕೆರೆ, ಸಂತೆ, ವರ್ತಕ ಸಂಘ, ಬಡ್ಡಿದರ, ಕೂಲಿ, ಎಲ್ಲದರ ಬಗ್ಗೆ ಶಾಸನಗಳನ್ನು ಸೋಸಿ ತೆಗೆದ ಮಾಹಿತಿ ಅಲ್ಲಿದೆ. ಕೆ.ಎಸ್. ಶಿವಣ್ಣ 1983ರಲ್ಲಿ ಅದನ್ನು ಮುಂದಿನ ಕಾಲಕ್ಕೆ, 1336ರಿಂದ 1761ರವರೆಗಿನ ಕೃಷಿ ವ್ಯವಸ್ಥೆಗೆ ಒಯ್ದರು.

ಇವರಲ್ಲಿ ಹೆಚ್ಚಿನವರು ತೀವ್ರಗಾಮಿ ಚಿಂತಕರೇನಲ್ಲ. ಚಿದಾನಂದಮೂರ್ತಿಯವರ ರಾಜಕೀಯ ನಿಲುವು ಎಡ ಒಲವಿನ ಶರ್ಮರದಕ್ಕೆ ಪೂರ್ತಿ ಎದುರಾಗಿತ್ತು. ಅವರ ಗ್ರಂಥವಿಲ್ಲದೆ ಎಡಪಂಥೀಯ ಇತಿಹಾಸಕಾರ ಕೂಡ ಕರ್ನಾಟಕದ ಬಗ್ಗೆ ಒಂದು ಅಧ್ಯಾಯ ಬರೆಯಲಾರ. ಇಲ್ಲಿ ನನಗೆ ಕಾಣುವ ನಷ್ಟವೆಂದರೆ, ಪಟ್ನಾದವರ ಹತ್ತಿರ ಪ್ರಶ್ನೆಯಿತ್ತು, ನಮ್ಮವರ ಹತ್ತಿರ ಸಾಮಗ್ರಿಯೂ ಭಾಷೆಯೂ ಇತ್ತು, ಎರಡೂ ಒಂದೇ ಕೈಯಲ್ಲಿ ಕೂಡಿದ್ದು ಅಪರೂಪ. ಅನುವಾದದಲ್ಲಿ ಶಾಸನ ಓದಿದವರಿಗೆ ಊರಗೌಡರಲ್ಲೇ ಪ್ರಭುಗಾವುಂಡನಿಗೂ ಪ್ರಜೆಗಾವುಂಡನಿಗೂ ಇರುವ ಅಂತರ ಕೈಗೆ ಸಿಗುವುದು ಕಷ್ಟ. ಪ್ರತಿ ಪದದ ಬೆಲೆ ಗೊತ್ತಿದ್ದವರು, ಈ ಗಾವುಂಡ ತಾನೇ ಉಳುತ್ತಿದ್ದನೇ, ಬೇರೆಯವರಿಂದ ಉಳುಮೆ ಮಾಡಿಸುತ್ತಿದ್ದನೇ ಎಂದು ಕೇಳಲಿಲ್ಲ; 'ಆರ್ಥಿಕ ಪರಿಸ್ಥಿತಿ' ಎಂಬ ತಲೆಬರಹದಡಿ ಎಲ್ಲವನ್ನೂ ಜೋಡಿಸಿಟ್ಟರು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿದ ಕೇಶವನ್ ವೆಳುತ್ತಾಟ್, ಗಂಗರ ಕಾಲದ ದಕ್ಷಿಣ ಕರ್ನಾಟಕದ ಬಗ್ಗೆ 2006ರಲ್ಲಿ ಪುಸ್ತಕ ಬರೆದ ಮಾಲಿನಿ ಅಡಿಗ ಇಂಥವರು ಈ ಅಂತರವನ್ನು ಕಿರಿದು ಮಾಡಿದರು.

ಕೊರವಂಗಲ ಒಪ್ಪದ ಮಾತು

ಶರ್ಮರ ವಾದವನ್ನು ಹಾಗೇ ತಂದು ಕೊರವಂಗಲದ ಮೇಲೆ ಹೊದಿಸಿದರೆ ಅದು ಸರಿಹೊಂದುವುದಿಲ್ಲ. ವಾದದ ಅರ್ಧಭಾಗ ನಾಣ್ಯದ ಕೊರತೆಯ ಮೇಲೆ, ವ್ಯಾಪಾರದ ಕುಸಿತದ ಮೇಲೆ ನಿಂತಿದೆ. ಹನ್ನೆರಡನೆಯ ಶತಮಾನದ ಹೊಯ್ಸಳ ನಾಡು ಗದ್ಯಾಣ, ಹೊನ್ನು, ಪಣಗಳಲ್ಲಿ ಮಾತಾಡುತ್ತದೆ. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು ಊರೂರಲ್ಲಿ ಇದ್ದಾರೆ. ಪಟ್ಟಣಸ್ವಾಮಿಗಳು ದತ್ತಿ ಬಿಡುತ್ತಿದ್ದಾರೆ. ಹಾಸನದ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು 1113ರ ಸುಮಾರಿಗೆ ಕಟ್ಟಿಸಿದವರು ಕಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ವ್ಯಾಪಾರ ಮರಳಿ ಚಿಗುರಿ ಹಳೆಯ ಕಟ್ಟು ಸಡಿಲವಾಯಿತೆಂದು ಶರ್ಮರೇ ಹೇಳಿದ್ದಾರೆ, ನಿಜ. ಆದರೂ ಇಲ್ಲಿ ವ್ಯಾಪಾರದ ಜೊತೆಜೊತೆಗೇ ಭೂದತ್ತಿಯೂ ಏರುತ್ತ ಹೋಯಿತಲ್ಲ? ಒಂದು ಏರಿದರೆ ಇನ್ನೊಂದು ಇಳಿಯಬೇಕೆಂಬ ಸೂತ್ರ ಹೊಯ್ಸಳ ಸೀಮೆಯಲ್ಲಿ ನಡೆಯುವುದಿಲ್ಲ.

ಇನ್ನೊಂದು ತೊಡಕು ಕೆರೆಯದು. ನಮ್ಮ ಶಾಸನಗಳಲ್ಲಿ ಗುಡಿಯ ಜೊತೆಗೇ ಕೆರೆ ಬರುತ್ತದೆ. ಗುಡಿ ಕಟ್ಟಿಸಿದವನು ಕೆರೆ ಕಟ್ಟಿಸಿದ, ತೂಬು ಇರಿಸಿದ, ಅದರ ಕೆಳಗೆ ಗದ್ದೆ ಬಿಟ್ಟ ಎಂಬುದು ಮತ್ತೆ ಮತ್ತೆ ಕಾಣುವ ಮಾತು. ಕೆರೆ ಕಟ್ಟಿದವನಿಗೆ, ಅದನ್ನು ಕಾಪಾಡುವವನಿಗೆ 'ಬಿತ್ತುವಟ್ಟ', 'ಕಟ್ಟುಗೊಡಗಿ' ಎಂದು ಭೂಮಿ ಕೊಡುತ್ತಿದ್ದರು. ಎಂದರೆ ಹಲವು ದತ್ತಿಗಳು ಇದ್ದ ಸಾಗುವಳಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲಿಲ್ಲ. ಕಾಡು, ಬೀಳುಗಳನ್ನು ಹೊಸ ಗದ್ದೆ ಮಾಡಿದವು. ಶರ್ಮರ ವಾದಕ್ಕೆ ಇತಿಹಾಸಕಾರ ಬಿ.ಡಿ. ಚಟ್ಟೋಪಾಧ್ಯಾಯ ಎತ್ತಿದ ಆಕ್ಷೇಪದ ದಿಕ್ಕೂ ಇದೇ: ಆ ಶತಮಾನಗಳನ್ನು ಒಡೆದು ಚೂರಾದ ಕಾಲ ಎನ್ನುವ ಬದಲು, ಕೃಷಿಯೂ ರಾಜ್ಯವೂ ಹೊಸ ಸೀಮೆಗಳಿಗೆ ಹಬ್ಬಿದ ಕಾಲ ಎಂದು ನೋಡಬೇಕು. ಹರಬಂಸ್ ಮುಖಿಯಾ 1979ರ ಇತಿಹಾಸ ಕಾಂಗ್ರೆಸ್ಸಿನ ಭಾಷಣದಲ್ಲಿ ಇನ್ನೂ ಬುಡಕ್ಕೆ ಹೋಗಿ ಕೇಳಿದರು: ಭಾರತದಲ್ಲಿ ಊಳಿಗಮಾನ್ಯ ಇತ್ತೇ? ಯುರೋಪಿನ ಒಡೆಯ ತನ್ನ ಹೊಲದಲ್ಲಿ ಜೀತದಾಳುಗಳನ್ನು ದುಡಿಸಿದ. ಇಲ್ಲಿನ ರೈತನಿಗೆ ತನ್ನ ನೇಗಿಲು, ಎತ್ತು, ಬಿತ್ತನೆಯ ಮೇಲೆ ಹಿಡಿತವಿತ್ತು ಎಂಬುದು ಅವರ ವಾದ. ಆ ಚರ್ಚೆ ದೇಶದ ಹೊರಗೂ ಹಬ್ಬಿ, 1985ರಲ್ಲಿ ಯುರೋಪೇತರ ಸಮಾಜಗಳ ಊಳಿಗಮಾನ್ಯದ ಬಗ್ಗೆ ಒಂದು ಇಡೀ ಸಂಪುಟವೇ ಬಂತು. ಒಂದು ಮಾತು ಇಲ್ಲಿ ಹೇಳಬೇಕು. ಈ ಟೀಕಾಕಾರರಲ್ಲಿ ಹಲವರು ಶರ್ಮರ ಸ್ನೇಹಿತರೇ, ಅವರಂತೆಯೇ ಎಡದ ಒಲವಿನವರೇ. ಗುರುವಿನ ತೀರ್ಮಾನವನ್ನು ಒಡೆಯುವುದು ಆ ಬಳಗದಲ್ಲಿ ದ್ರೋಹವೆನಿಸಲಿಲ್ಲ.

ಹಾಗಾದರೆ ಶರ್ಮರಿಂದ ಕೊರವಂಗಲಕ್ಕೆ ಉಳಿದದ್ದೇನು? ನನ್ನ ಲೆಕ್ಕದಲ್ಲಿ ಬಹಳ ಉಳಿದಿದೆ. ಕೊರವಂಗಲದಿಂದ ಸುತ್ತ 50–60 ಕಿಲೋಮೀಟರ್ ತಿರುಗಿ ಯಾರು ಯಾವ ಗುಡಿ ಕಟ್ಟಿಸಿದರು ನೋಡಿ. ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು 1159ರಲ್ಲಿ ಕಟ್ಟಿಸಿದವನು ಹೊಯ್ಸಳ ದೊರೆ ನರಸಿಂಹನ ಭಂಡಾರಿ ಹುಳ್ಳ. ಅದಕ್ಕೆ ದೊರೆ ಸವಣೇರು ಎಂಬ ಊರನ್ನೇ ಬಿಟ್ಟ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ 1246ರದ್ದು, ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಇಲ್ಲಿ ಬೂಚಿ. ಹೊಯ್ಸಳ ಶಿಲ್ಪ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಹೊಯ್ಸಳ ದೊರೆಗಳು ಕಟ್ಟಿಸಿದ್ದಲ್ಲ. ಭಂಡಾರಿ, ದಂಡನಾಯಕ, ಹೆಗ್ಗಡೆ, ವರ್ತಕರ ಒಂದು ಪದರ ಕಟ್ಟಿಸಿದ್ದು. ಅರಸನಿಗೂ ರೈತನಿಗೂ ನಡುವೆ ಬೆಳೆದ ಪದರ ಎಂದು ಶರ್ಮ ಬೊಟ್ಟುಮಾಡಿದ್ದು ಇದನ್ನೇ. ಅದಕ್ಕೆ ಊಳಿಗಮಾನ್ಯ ಎನ್ನಬೇಕೋ ಬೇರೆ ಹೆಸರಿಡಬೇಕೋ ವಿದ್ವಾಂಸರು ಇನ್ನೂ ವಾದಿಸಲಿ. ಪದರ ಇತ್ತು, ಅದು ಊರಿನ ಬೆಳೆಯ ಮೇಲೆ ನಿಂತಿತ್ತು, ತನ್ನ ಹೆಸರನ್ನು ದೇವರ ಹೆಸರಿಗೆ ಜೋಡಿಸಿ ಉಳಿಸಿಕೊಂಡಿತು. ಬೂಚಿಯ ಈಶ್ವರ ಬೂಚೇಶ್ವರ, ನಾಕನ ಈಶ್ವರ ನಾಕೇಶ್ವರ.

ಕಲ್ಯಾಣದಲ್ಲಿ ಬಸವಾದಿ ಶರಣರ ಗದ್ದಲ ನಡೆದು ಹತ್ತು ವರ್ಷವೂ ತುಂಬಿರಲಿಲ್ಲ, ಇಲ್ಲಿ ಈ ಗುಡಿ ಎದ್ದಾಗ. ಸಿರಿವಂತರು ಕಟ್ಟಿಸುವ ಗುಡಿಯ ಎದುರು ಬಡವನ ಮೈಯನ್ನೇ ಗುಡಿಯಾಗಿ ನಿಲ್ಲಿಸಿದ ಬಸವಣ್ಣ, ಬೂಚಿಯ ಸಮಕಾಲೀನ. ಕನ್ನಡಿಗರಿಗೆ ಈ ಪ್ರಶ್ನೆ ಪಟ್ನಾದಿಂದಲೋ ಲಂಡನ್ನಿನಿಂದಲೋ ಬರಬೇಕಿರಲಿಲ್ಲ. ನಮ್ಮ ನುಡಿಯಲ್ಲೇ ಅದು ಎಂಟು ನೂರು ವರ್ಷ ಹಳೆಯದು.

ಕಟ್ಟಿದ ಕೈಗಳ ಮಾತೂ ಇದೆ. ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜನ ಹೆಸರು ಬೇಲೂರಿನಲ್ಲಿದೆ. ಮಲ್ಲಿತಮ್ಮನದು ಅಮೃತಪುರದಿಂದ ನುಗ್ಗೇಹಳ್ಳಿ, ಸೋಮನಾಥಪುರದವರೆಗೆ ಸಿಗುತ್ತದೆ. ಇತಿಹಾಸಕಾರ ಷ. ಶೆಟ್ಟರ್ ಈ ಶಿಲ್ಪಿಗಳ ಬೆನ್ನುಹತ್ತಿದರು. 1992ರ ಅವರ 'ಹೊಯ್ಸಳ ಟೆಂಪಲ್ಸ್' ಆಗಲಿ, ಮೈಸೂರಿನಲ್ಲಿ ನಡೆದ ಇತಿಹಾಸ ಕಾಂಗ್ರೆಸ್ಸಿನಲ್ಲಿ ಭಾರತದ ಕುಶಲಕರ್ಮಿಗಳ ಹೆಜ್ಜೆಗುರುತುಗಳ ಬಗ್ಗೆ ಅವರು ಮಾಡಿದ ಅಧ್ಯಕ್ಷ ಭಾಷಣವಾಗಲಿ, ದಾನಿಯ ನೆರಳಿನಿಂದ ಶಿಲ್ಪಿಯನ್ನು ಹೊರಗೆ ತಂದವು. ಶೆಟ್ಟರರನ್ನು ಯಾರೂ ತೀವ್ರಗಾಮಿ ಎನ್ನುವುದಿಲ್ಲ. ಆದರೆ ಆ ತಲೆಮಾರು ಎಬ್ಬಿಸಿದ ಗಾಳಿ ಅವರ ಬರಹಕ್ಕೂ ತಾಗಿತ್ತು ಎಂದು ನಾನು ನಂಬಿದ್ದೇನೆ. ಶಿಲ್ಪಿಯ ಹೆಸರು ಸಿಕ್ಕಿತು. ಕಲ್ಲು ಗಣಿಯಿಂದ ಎಳೆದು ತಂದವರ, ಕೆರೆಯ ಮಣ್ಣು ಹೊತ್ತವರ ಹೆಸರು ಸಿಗಲಿಲ್ಲ. ಊರಿನ ದನ ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೆ ವೀರಗಲ್ಲು ಇದೆ, ಮನೆಯವರಿಗೆ 'ನೆತ್ತರುಗೊಡಗಿ' ಭೂಮಿ ಇದೆ. ಮಣ್ಣು ಹೊರುವಾಗ ಸತ್ತವರಿಗೆ ಅದು ಇಲ್ಲ.

ಭೂಮಿಯ ಪ್ರಶ್ನೆ ಬೀದಿಗೆ ಬಂದಾಗ

ಈ ವಿದ್ವಾಂಸರು ಬರೆಯುತ್ತಿದ್ದ ಕಾಲದಲ್ಲೇ ಕರ್ನಾಟಕದಲ್ಲಿ ಭೂಮಿ ಬಿಸಿ ಪ್ರಶ್ನೆಯಾಗಿತ್ತು. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದಿತ್ತು. ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದೇ ವರ್ಷ ಗುರುರಾಜಾಚಾರರ ಪುಸ್ತಕ, ಅದೇ ವರ್ಷ ಝಾ ಲೇಖನ. ದಲಿತ ಸಂಘರ್ಷ ಸಮಿತಿ ಹುಟ್ಟಿ ಬೆಳೆದದ್ದು ಆ ದಶಕದಲ್ಲಿ, ಬಂಡಾಯ ಸಾಹಿತ್ಯ ಸಂಘಟನೆ 1979ರಲ್ಲಿ, ರೈತ ಸಂಘ 1980ರಲ್ಲಿ. ನವಕರ್ನಾಟಕದಂಥ ಪ್ರಕಾಶನಗಳು ಎಡ ಚಿಂತನೆಯ ಪುಸ್ತಕಗಳನ್ನು ಅಗ್ಗದ ಬೆಲೆಗೆ ಕನ್ನಡದಲ್ಲಿ ಕೊಟ್ಟವು.

ಕರ್ನಾಟಕದ ಇಡೀ ಚರಿತ್ರೆಯನ್ನು ಉತ್ಪಾದನೆ ಮತ್ತು ದುಡಿಮೆಯ ಕಣ್ಣಿನಿಂದ ಒಂದೇ ಉಸಿರಿನಲ್ಲಿ ಬರೆಯಲು ಹೊರಟವರು ಸಾಕೇತ್ ರಾಜನ್. ಸಾಕಿ ಎಂಬ ಹೆಸರಿನಲ್ಲಿ 'ಮೇಕಿಂಗ್ ಹಿಸ್ಟರಿ'ಯ ಮೊದಲ ಸಂಪುಟ 1998ರಲ್ಲಿ, ಎರಡನೆಯದು 2004ರಲ್ಲಿ ಬಂದವು. ಶಿಲಾಯುಗದಿಂದ 1857ರವರೆಗೆ ಆ ಬರಹ ಹಬ್ಬಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಅವರು ಬಂದೂಕಿನ ದಾರಿ ಹಿಡಿದು, 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಆ ದಾರಿಯನ್ನು ನಾನು ಒಪ್ಪಲಾರೆ. ಪುಸ್ತಕದಲ್ಲೂ ತೀರ್ಮಾನ ಮೊದಲೇ ಸಿದ್ಧವಾಗಿದ್ದು ಆಧಾರ ಅದರ ಹಿಂದೆ ಓಡಿಬಂದ ಜಾಗಗಳಿವೆ. ಆದರೂ ದೀಕ್ಷಿತ್, ಕುಪ್ಪುಸ್ವಾಮಿ, ಚಿದಾನಂದಮೂರ್ತಿಯವರು ಸೋಸಿಟ್ಟ ಸಾಮಗ್ರಿಯನ್ನು ಶರ್ಮ, ಕೊಸಾಂಬಿಯವರ ಪ್ರಶ್ನೆಗೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಹೊಂದಿಸಿದ ಪ್ರಯತ್ನ ಅದು. ಅದನ್ನು ಒಪ್ಪಿಯಾದರೂ ಒಡೆದಾದರೂ ನಮ್ಮ ವಿಶ್ವವಿದ್ಯಾಲಯಗಳು ಎದುರಿಸಬೇಕಿತ್ತು.

ಇನ್ನು ಕೊರವಂಗಲದಂಥ ಊರುಗಳಿಗೆ ಸೇರಿದ ಇನ್ನೊಂದು ದಾಖಲೆಯ ಮಾತು. ಹನ್ನೆರಡನೆಯ ಶತಮಾನದಲ್ಲಿ ಕಲ್ಲಿನಲ್ಲಿ ಕೆತ್ತಿದ ಬಗೆಯ ದತ್ತಿಗಳಿಗೆ ಕಾನೂನಿನ ಕೊನೆ ಬಂದದ್ದು ನಮ್ಮ ಹಿರಿಯರು ಕಂಡ ಕಾಲದಲ್ಲೇ. ವ್ಯಕ್ತಿಗಳಿಗೆ ಸೇರಿದ ಇನಾಮುಗಳನ್ನು 1954ರ, ದೇವಾದಾಯ ಧರ್ಮಾದಾಯ ಇನಾಮುಗಳನ್ನು 1955ರ ಮೈಸೂರು ಇನಾಂ ರದ್ದತಿ ಕಾಯ್ದೆಗಳು ತೆಗೆದುಹಾಕಿದವು. ಭೂಮಿ ಕಳೆದುಕೊಂಡ ಗುಡಿಗಳಿಗೆ ಸರ್ಕಾರ ತಸ್ತೀಕ್ ಎಂಬ ವಾರ್ಷಿಕ ಮೊತ್ತ ಕೊಡತೊಡಗಿತು. ಮುಜರಾಯಿ ಇಲಾಖೆಯಿಂದ ಅರ್ಚಕರು ಇಂದಿಗೂ ಎದುರುನೋಡುವ ಹಣ ಅದು. ಶಾಸನಕ್ಕೂ ಈ ಕಾಯ್ದೆಗಳಿಗೂ ನಡುವೆ ವಿಜಯನಗರ, ಪಾಳೆಯಗಾರರು, ಇನಾಮುಗಳನ್ನು ಅರಮನೆಗೆ ಹಿಂತೆಗೆದುಕೊಂಡ ಟಿಪ್ಪು, ಅವುಗಳಲ್ಲಿ ಕೆಲವನ್ನು ಮರಳಿ ಬಿಟ್ಟ ಪೂರ್ಣಯ್ಯ, 1860ರ ದಶಕದಲ್ಲಿ ಇನಾಂ ವಿಚಾರಣೆ ನಡೆಸಿದ ಬ್ರಿಟಿಷ್ ಕಮಿಷನರ ಆಡಳಿತ ಎಲ್ಲರೂ ಬಂದು ಹೋದರು. ಪ್ರತಿ ಬಾರಿಯೂ ಗದ್ದೆಯ ಪಾಲು ಬೇರೆ ಕೈಗೆ ಹೋಯಿತು. ಉತ್ತವರ ಮನೆತನಗಳು ಬದಲಾದವೇ, ಅವೇ ಉಳಿದವೇ?

ಇದಕ್ಕೆ ಉತ್ತರ ಒಂದೊಂದೇ ಊರನ್ನು ಹಿಡಿದು ಹುಡುಕಿದರೆ ಮಾತ್ರ ಸಿಕ್ಕೀತು. ತಮಿಳು ಶಾಸನಗಳಲ್ಲಿ ಜಪಾನಿನ ನೊಬೊರು ಕರಾಶಿಮಾ, ವೈ. ಸುಬ್ಬರಾಯಲು ಹೆಸರುಗಳನ್ನೂ ತೆರಿಗೆಯ ಪದಗಳನ್ನೂ ಒಂದೊಂದಾಗಿ ಎಣಿಸಿ ಚೋಳರ ಕಾಲದ ಭೂಮಿಯ ಹಂಚಿಕೆ ಹೇಗೆ ಬದಲಾಯಿತೆಂದು ತೋರಿಸಿದರು. ಹೊಯ್ಸಳ ಶಾಸನಗಳಿಗೆ ಆ ಪ್ರಮಾಣದ ಕೆಲಸ ಆಗಬೇಕಿದೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಸಂಪುಟಗಳನ್ನು ಹೊರತಂದು ಮೂಲಪಾಠವನ್ನು ಕನ್ನಡದಲ್ಲೇ ಓದುವಂತೆ ಮಾಡಿದೆ. ಇನಾಂ ರದ್ದತಿಯ ಕಡತಗಳು ಕಂದಾಯ ಇಲಾಖೆಯ ದಾಖಲೆಗಳು. ಹಾಸನದಲ್ಲಿ ಇತಿಹಾಸ ಎಂ.ಎ. ಓದುತ್ತಿರುವ ಹುಡುಗನೋ ಹುಡುಗಿಯೋ ಕೊರವಂಗಲವನ್ನೋ, ನುಗ್ಗೇಹಳ್ಳಿಯನ್ನೋ, ಅರಕಲಗೂಡಿನ ಯಾವುದಾದರೂ ಹಳೆಯ ಅಗ್ರಹಾರವನ್ನೋ ಹಿಡಿದು ಎರಡೂ ದಾಖಲೆಗಳನ್ನು ಜೊತೆಗಿಟ್ಟು ಓದಲಿ; ಕೆರೆಯ ಕೆಳಗಿನ ಗದ್ದೆಗಳಲ್ಲಿ ಊರವರ ಜೊತೆ ನಡೆದು, ಶಾಸನ ಹೇಳುವ ಎಲ್ಲೆಗಳನ್ನು ಹುಡುಕಲಿ. ಎಲ್ಲೆಗಲ್ಲು ಯಾವುದು, ಯಾವ ಗದ್ದೆಗೆ ಯಾವ ಹೆಸರು, ಯಾರ ಅಜ್ಜ ಯಾರಿಗೆ ಗೇಣಿ ಅಳೆಯುತ್ತಿದ್ದ ಎಂದು ಹೇಳಬಲ್ಲ ಹಿರಿಯರು ಆ ಊರುಗಳಲ್ಲಿ ಈಗಲೂ ಇದ್ದಾರೆ.